ಹದಿನೆಂಟನೇ ದಿನದ ಡ್ಯೂಟಿ

ಡಿಪೋದಲ್ಲಿ ಅವಳನ್ನು ಎಲ್ಲರೂ ಚಾರ್ಟಕ್ಕ ಅನ್ನುತ್ತಿದ್ದರು. ಯಾವ ಡ್ರೈವರ್ ಯಾವ ದಿನ ಯಾವ ಬಸ್ಸಿಗೆ ಎಂದು ಹದಿನೈದು ದಿನಕ್ಕೊಮ್ಮೆ ಚಾರ್ಟ್ ಬರೆದು ಬೋರ್ಡಿಗೆ ಹಚ್ಚುವುದು ಅವಳ ಕೆಲಸ. ಹೋದ ವರ್ಷ, ಇನ್ನೂ ನಲವತ್ತೊಂದಕ್ಕೆ, ಮಿದುಳಿನ ರಕ್ತನಾಳ ಒಡೆದು ತೀರಿಕೊಂಡಳು. ಹೋದವರನ್ನು ಹೊಗಳಿ ಬರೆಯುವುದು ರೂಢಿ. ಅವಳ ವಿಷಯದಲ್ಲಿ ಅದು ಕಷ್ಟ. ಇದ್ದಷ್ಟು ದಿನ ಅವಳೇ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲ.

ಮದುವೆಯಾಗಿ ಏಳು ವರ್ಷವಾದ ಮೇಲೆ, ಮೂವತ್ತಾರನೇ ವಯಸ್ಸಿನಲ್ಲಿ, ಮಗು ಬೇಕೆಂದು ಡಾಕ್ಟರ ಹತ್ತಿರ ಹೋದಳು. ಅವರು ಪಿಸಿಓಎಸ್ ಎಂದರು. ಸ್ಕ್ಯಾನಿನ ಪರದೆಯಲ್ಲಿ ಅಂಡಾಶಯದ ಅಂಚಿಗೆ ಸಣ್ಣ ಕಪ್ಪು ಗುಳ್ಳೆಗಳು ಸಾಲಾಗಿ ಕೂತಿದ್ದವು. ಒಂದೊಂದರಲ್ಲೂ ಒಂದೊಂದು ಮೊಟ್ಟೆ. ಬಲಿತು ಹೊರಬರುವುದು ಮಾತ್ರ ಒಂದೂ ಇಲ್ಲ.

“ಥೇಟ್ ನಮ್ಮ ಡಿಪೋನೇ ಬಿಡಿ ಡಾಕ್ಟ್ರೇ,” ಎಂದಳು. “ಇಪ್ಪತ್ತು ಬಸ್ಸು ನಿಂತಿವೆ, ಒಂದೂ ಹೊರಡಲ್ಲ.”

“ಹೊರಡಿಸೋಕೇ ಈ ಮಾತ್ರೆ,” ಎಂದು ಡಾಕ್ಟರಮ್ಮ ನಕ್ಕು ಚೀಟಿ ಬರೆದರು. ಮುಟ್ಟಾದ ಮೂರನೇ ದಿನದಿಂದ ಐದು ದಿನ ಮಾತ್ರೆ. ಆಮೇಲೆ ಎರಡು ಮೂರು ದಿನಕ್ಕೊಂದು ಸ್ಕ್ಯಾನ್. ಗುಳ್ಳೆ ಹದಿನೆಂಟು ಮಿಲಿಮೀಟರ್ ದಾಟಿದರೆ ಒಂದು ಇಂಜೆಕ್ಷನ್. ಮುಂದಿನ ಎರಡು ದಿನ ಗಂಡ ಹೆಂಡತಿ ಜೊತೆಗಿರಬೇಕು. ಆರು ತಿಂಗಳು ನೋಡೋಣ, ಆಗದಿದ್ದರೆ ಈ ಮಾತ್ರೆ ನಿಲ್ಲಿಸೋಣ ಎಂದರು.

ಡಿಪೋದಲ್ಲಿ ಈ ಸಂಗತಿ ಗೊತ್ತಿದ್ದದ್ದು ಇಬ್ಬರಿಗೆ: ಅಲ್ಲೇ ಡ್ರೈವರ್ ಆಗಿದ್ದ ಅವಳ ಗಂಡನಿಗೆ, ಪಾಸ್ ಕೌಂಟರಿನಲ್ಲಿ ಕೂರುವ ಗೆಳತಿಗೆ. ಮಾತ್ರೆಯ ದಿನಗಳಲ್ಲಿ ಚಾರ್ಟಕ್ಕನ ಮೈಯೆಲ್ಲ ಇದ್ದಕ್ಕಿದ್ದಂತೆ ಕಾದು ಬೆವರುತ್ತಿತ್ತು. ಗೆಳತಿಯ ಫ್ಯಾನಿನ ಕೆಳಗೆ ಬಂದು ನಿಂತು, “ರೇಡಿಯೇಟರ್ ಕುದೀತಿದೆ ಕಣೇ, ನೀರು ಹಾಕು,” ಅನ್ನುವಳು.

ಐದು ತಿಂಗಳು ಹೀಗೇ ಹೋದವು. ಎರಡು ಸಲ ಗುಳ್ಳೆ ಬೆಳೆಯಲೇ ಇಲ್ಲ. ಡೋಸ್ ಹೆಚ್ಚಿಸಿದ ಮೇಲೆ ಮೂರು ಸಲ ಸರಿಯಾಗಿ ಮುಟ್ಟಾದ ಹದಿನಾಲ್ಕನೇ ದಿನಕ್ಕೆ ಬೆಳೆಯಿತು, ಆದರೂ ಬಸಿರು ನಿಲ್ಲಲಿಲ್ಲ. ಅವಳು ಎಡವಿದ್ದು ಅಲ್ಲೇ. ಮೂರು ಸಲ ಒಂದೇ ಹೊತ್ತಿಗೆ ಬಂದದ್ದನ್ನು ಅವಳು ಟೈಮ್‌ಟೇಬಲ್ ಎಂದೇ ನಂಬುವವಳು. ಆರನೆಯ, ಕೊನೆಯ ತಿಂಗಳಿಗೆ ಗಂಡನಿಗೆ ಹದಿಮೂರು, ಹದಿನಾಲ್ಕು, ಹದಿನೈದನೇ ದಿನ ರಜೆ ಬರೆದಳು. ಗಂಡನಿಗೆ ಉಪಕಾರ ಮಾಡಿದಳು ಎಂದು ಯಾರೂ ಅನ್ನಬಾರದಲ್ಲ, ಹದಿನೆಂಟನೇ ದಿನದಿಂದ ಮೂರು ದಿನದ ದೂರದ ರೂಟಿಗೂ ಅವನನ್ನೇ ಹಾಕಿದಳು.

ಮೊಟ್ಟೆ ಬೋರ್ಡ್ ಓದಲಿಲ್ಲ. ಹನ್ನೆರಡನೇ ದಿನ ಹತ್ತು ಮಿಲಿಮೀಟರ್, ಹದಿನಾಲ್ಕಕ್ಕೆ ಹದಿಮೂರು. ರಜೆಯಲ್ಲಿ ಗಂಡ ಮನೆಯ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿದ. ಮೂರನೇ ದಿನ ಮಾಡಲು ಏನೂ ಉಳಿಯದೆ, ಚೆನ್ನಾಗಿಯೇ ಓಡುತ್ತಿದ್ದ ಗಡಿಯಾರ ಬಿಚ್ಚಿ ಕೂತ. ಹದಿನೇಳನೇ ದಿನ ಬೆಳಿಗ್ಗೆ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಹಿಗ್ಗಿ, “ಹತ್ತೊಂಬತ್ತು!” ಎಂದರು. ಇಂಜೆಕ್ಷನ್ ಚುಚ್ಚಿಸಿಕೊಂಡು ಹೊರಬಂದವಳಿಗೆ ಆಗ ನೆನಪಾಯಿತು, ನಾಳೆ ಆರು ಗಂಟೆಗೆ ಗಂಡನ ಬಸ್ಸು ಹೊರಡುತ್ತದೆ.

ಬೋರ್ಡಿಗೆ ಹಚ್ಚಿದ ಚಾರ್ಟನ್ನು ತಿದ್ದಬೇಕಾದರೆ ಬದಲಿ ಡ್ರೈವರ್ ಒಪ್ಪಿ ಸಹಿ ಹಾಕಬೇಕು, ಕಾರಣವನ್ನು ಸ್ಪಷ್ಟವಾಗಿ ಬರೆಯಬೇಕು. ನಿಯಮ ಅವಳದೇ. ‘ಸ್ವಂತ ಕೆಲಸ’ ಎಂದು ಬರೆದವರ ಅರ್ಜಿಗೆ ಕೆಂಪು ಗೀಟು ಎಳೆದವಳೂ ಅವಳೇ. ಮರುದಿನ ಬಿಡುವಿದ್ದ ಡ್ರೈವರ್ ಮೀಸೆಯಣ್ಣ ಒಬ್ಬನೇ. ಹಿಂದಿನ ತಿಂಗಳು ಮಗಳ ಶಾಲೆಯ ನಾಟಕ ನೋಡಲು ಅವನು ಡ್ಯೂಟಿ ಬದಲಾಯಿಸಿ ಎಂದು ಕೇಳಿಕೊಂಡು ಬಂದಿದ್ದ. “ಮರದ ಪಾತ್ರ ತಾನೇ ಅಣ್ಣ, ಅಲ್ಲಾಡದೆ ನಿಂತಿರುತ್ತೆ. ಅದನ್ನ ನೋಡೋಕೆ ಅಪ್ಪ ಬೇಕಾ?” ಎಂದು ಇವಳು ವಾಪಸು ಕಳಿಸಿದ್ದಳು.

ಅವನು ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಶೂ ಕಳಚುತ್ತಿದ್ದ. ಅವಳು ಅರ್ಜಿ ಚಾಚಿದಳು.

“ಏನಮ್ಮ ಚಾರ್ಟಕ್ಕ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ಕಾರಣ ಬರೆದಿದ್ದೀಯಾ?”

“ಬರೆದಿದ್ದೀನಿ ಅಣ್ಣ. ಮನಸ್ಸಲ್ಲೇ ಓದ್ಕೊಳ್ಳಿ.”

‘ಮಗುವಿಗಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಾಳೆ ನಾಡಿದ್ದು ಗಂಡ ಮನೆಯಲ್ಲಿರಬೇಕು. ದಿನ ಲೆಕ್ಕ ಹಾಕಿದ್ದು ನಾನೇ, ತಪ್ಪಿದ್ದೂ ನಾನೇ.’

ಅವನು ಎರಡು ಸಲ ಓದಿದ. ಅವಳು ತಡೆಯಲಾರದೆ, “ನಗಬೇಕಾದ್ರೆ ನಕ್ಕುಬಿಡಿ. ನಲವತ್ತು ಡ್ರೈವರ್‌ಗಳನ್ನ ಕುಣಿಸೋಳಿಗೆ ಒಂದು ಮೊಟ್ಟೆ ಮಾತು ಕೇಳಲ್ಲ,” ಎಂದಳು.

“ಆ ಮರ ಅಲ್ಲಾಡ್ತಂತೆ ಕಣಮ್ಮ,” ಎಂದ ಅವನು. “ನಾಟಕದ ಮಧ್ಯೆ ಮೂಗು ಕೆರ್ಕೊಂಡಿತಂತೆ. ಜನ ಬಿದ್ದು ಬಿದ್ದು ನಕ್ಕರಂತೆ.” ಸಹಿ ಹಾಕಿ, ಕಾರಣ ಬರೆದಿದ್ದ ಭಾಗವನ್ನು ಒಳಕ್ಕೆ ಮಡಿಸಿ ಕೊಟ್ಟ. “ಹೋಗು. ಗಂಡನಿಗೆ ಹೇಳು, ನಾಳೆ ಬೆಳಿಗ್ಗೆ ನಿದ್ದೆ ಮಾಡ್ಲಿ.”

ಹದಿನಾರು ದಿನದ ಮೇಲೆ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಇಲ್ಲ.

ಅವತ್ತೂ ಅವಳು ಕೆಲಸಕ್ಕೆ ಬಂದು ಮುಂದಿನ ಚಾರ್ಟಿಗೆ ಗೆರೆ ಹಾಕಿದಳು. ಮಧ್ಯಾಹ್ನ ಟ್ರಿಪ್ ಶೀಟ್ ಕೊಡಲು ಬಂದ ಮೀಸೆಯಣ್ಣ ಶೀಟ್ ಕೈಯಲ್ಲೇ ಹಿಡಿದು ಕಿಟಕಿಯ ಬಳಿ ನಿಂತೇ ಇದ್ದ.

“ನಿಮ್ಮ ಟ್ರಿಪ್ಪು ದಂಡ ಆಯ್ತಣ್ಣ,” ಎಂದಳು.

“ಬಸ್ಸಲ್ಲಿ ಐವತ್ತು ಜನ ಇದ್ರು. ದಂಡ ಹೇಗಾಗುತ್ತೆ?” ಎಂದು ಶೀಟ್ ಇಟ್ಟು ಹೋದ.

ಅವಳು ಎದ್ದು ಪಾಸ್ ಕೌಂಟರಿಗೆ ಬಂದಳು. ಗೆಳತಿ ಫ್ಯಾನ್ ಹಾಕಿದಳು. ಇಂಜಿನ್ನೋ, ಬ್ರೇಕೋ, ಏನಾದರೊಂದು ಚೇಷ್ಟೆಯ ಮಾತು ಬಂದೇ ಬರುತ್ತದೆಂದು ಕಾದಳು. ಬರಲಿಲ್ಲ.

“ನಂಗೆ ಬೇಕಿತ್ತು ಕಣೇ,” ಎಂದಳು ಚಾರ್ಟಕ್ಕ. “ತುಂಬಾ ಬೇಕಿತ್ತು.”

ಹೊರಗೆ ಸಾಲಿನಲ್ಲಿದ್ದವರು ಗಾಜು ಬಡಿದರು. ಗೆಳತಿ ಕೌಂಟರಿನ ಪರದೆ ಎಳೆದು, ಕುರ್ಚಿ ಅವಳತ್ತ ತಿರುಗಿಸಿಕೊಂಡು ಕೂತಳು.