ಕೂಟ ಬಿಟ್ಟ ಬೀದಿ

ಅರ್ಥಶಾಸ್ತ್ರ ನನಗೆ ಅರ್ಥವಾಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪತ್ರಿಕೆಯಲ್ಲಿ ಆಮದು, ರಫ್ತು, ಸುಂಕ ಎಂಬ ಮಾತು ಕಂಡ ಕೂಡಲೇ ನನಗೆ ಆಕಳಿಕೆ ಬರುತ್ತದೆ. ಆದರೆ ಒಂದು ದೇಶ ವ್ಯಾಪಾರದ ಕೂಟ ಬಿಟ್ಟು ಹೊರಬಂದರೆ ಅದರ ಕೈಗಾರಿಕೆಗೇನಾಗುತ್ತದೆ, ರಾಜಕೀಯಕ್ಕೇನಾಗುತ್ತದೆ ಎಂದು ಯಾರಾದರೂ ಚರ್ಚೆ ಎತ್ತಿದರೆ ಮಾತ್ರ ಎದ್ದು ಕೂರುತ್ತೇನೆ. ಆ ಒಂದು ವಿಷಯದಲ್ಲಿ ನನಗೆ ಸ್ವಂತ ಅನುಭವ ಉಂಟು. ನಮ್ಮ ಬೀದಿಯೇ ಒಮ್ಮೆ ಕೂಟ ಬಿಟ್ಟಿತ್ತು.

ಬೀದಿ ಎಂದರೆ ಸೇಲಂ ಊರಿನ ನೇಕಾರರ ಬೀದಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಜಗಳದಲ್ಲಿ ಎರಡೂ. ಹಾಗೆ ಬದುಕುತ್ತಿದ್ದವರು ನಾವು. ಉದ್ದಕ್ಕೆ, ನೂಲು ಹಿಡಿದಷ್ಟು ನೇರಕ್ಕೆ ಇದ್ದ ಒಂದೇ ಬೀದಿ ಅದು. ನಡುವೆ ಒಂದು ಬೇವಿನ ಮರ. ಮರದಿಂದ ಮೇಲಕ್ಕೆ ಮೇಲ್ಬೀದಿ, ಅಲ್ಲಿ ನಾವು ಪಂಚೆ ನೇಯುವವರು. ಮರದಿಂದ ಹೊಳೆಯ ಕಡೆಗೆ ಕೆಳಬೀದಿ, ಅಲ್ಲಿ ನೂಲಿಗೆ ಬಣ್ಣ ಹಾಕುವವರೇ ಹೆಚ್ಚು. ಎರಡು ಬೀದಿಗೂ ಸೇರಿ ಒಂದು ಕೂಟ, ಅದಕ್ಕೊಂದು ಕಟ್ಟು ಇತ್ತು. ಅಂಚಿನ ಬಣ್ಣದ ನೂಲನ್ನು ನಾವು ಅವರಿಂದಲೇ ಕೊಳ್ಳಬೇಕು. ಅವರು ಮೊದಲು ನಮಗೆ ಕೊಟ್ಟು ಉಳಿದದ್ದನ್ನು ಹೊರಗೆ ಮಾರಬೇಕು. ಹಾಸು ನೂಲಿಗೆ ಗಂಜಿ ಕುಡಿಸುವ ದಿನ ಎರಡು ಬೀದಿಯವರೂ ಕೈ ಹಚ್ಚಬೇಕು.

ಹಾಸು ಎಂದರೆ ಮಗ್ಗಕ್ಕೆ ಏರುವ ಉದ್ದದ ನೂಲು. ಏರಿಸುವ ಮೊದಲು ಅದನ್ನು ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಸವರಿ, ಕುಂಚದಿಂದ ತಿಕ್ಕಿ, ಬಿಸಿಲೇರುವ ಮುನ್ನ ಮುಗಿಸಬೇಕು. ತಡವಾದರೆ ಎಳೆಗೆ ಎಳೆ ಅಂಟಿಕೊಂಡು ಎಲ್ಲ ಹಾಳು. ನಮ್ಮ ಹಾಸು ಮೇಲ್ಬೀದಿಯಲ್ಲಿ ಹುಟ್ಟಿ ಬೇವಿನ ಮರ ದಾಟಿ ಕೆಳಬೀದಿಯಲ್ಲಿ ಮುಗಿಯುತ್ತಿತ್ತು. ಅದು ಹಾಗೆಯೇ ಇರತಕ್ಕದ್ದೆಂದು ನಾವು ತಿಳಿದಿದ್ದೆವು. ಯಾರೂ ಅದನ್ನು ಕುರಿತು ಯೋಚಿಸಿರಲೇ ಇಲ್ಲ.

ಆಗ, ಮೂವತ್ತರ ದಶಕದಲ್ಲಿ, ಪತ್ರಿಕೆಗಳಲ್ಲೆಲ್ಲ ಒಟ್ಟಾವಾ ಒಪ್ಪಂದದ ಮಾತು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳೆಲ್ಲ ಸೇರಿ ಒಂದು ಕೂಟ; ಒಳಗಿನವರ ಸರಕಿಗೆ ಸುಂಕ ಕಡಿಮೆ, ಹೊರಗಿನವರ ಸರಕಿಗೆ ಹೆಚ್ಚು. ಕೇಳುವುದಕ್ಕೆ ಅವಿಭಕ್ತ ಕುಟುಂಬದ ಹಾಗೆ ಚೆನ್ನಾಗಿಯೇ ಇದೆ. ಆದರೆ ಅವಿಭಕ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವರಿಗೆ ತುಪ್ಪದ ಗಿಂಡಿ ಯಾರ ಕೈಯಲ್ಲಿರುತ್ತದೆ, ಅದು ಪಂಕ್ತಿಯ ಕೊನೆಗೆ ಬರುವಷ್ಟರಲ್ಲಿ ಏನು ಉಳಿದಿರುತ್ತದೆ ಎಂಬುದು ಗೊತ್ತು. ನಮ್ಮ ದೇಶ ಪಂಕ್ತಿಯ ಕೊನೆಯಲ್ಲಿ ಕೂತಿತ್ತು. ಕಡೆಗೆ ದಿಲ್ಲಿಯ ಶಾಸನಸಭೆಯಲ್ಲಿ ಈ ಒಪ್ಪಂದ ಸಾಕು ಎಂದು ಮತ ಬಿತ್ತು. ನಾನು ಆಗ ಪ್ರಾಥಮಿಕ ಶಾಲೆಯ ಉಪಾಧ್ಯಾಯ. ಕಾಫಿ ಕ್ಲಬ್ಬಿನಲ್ಲಿ ತಮಿಳು ಪತ್ರಿಕೆಯನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ಬೆಳಗಿನ ದೇಶಸೇವೆ. ಅರ್ಥವಾಗದ ಕಡೆ ದನಿ ಏರಿಸಿ ಓದುತ್ತಿದ್ದೆ, ಕೇಳುವವರು ತಲೆದೂಗುತ್ತಿದ್ದರು.

ಆವತ್ತು ತಲೆದೂಗದೆ ಕೇಳಿದವನು ನನ್ನ ಸೋದರಮಾವ ನಂಜಪ್ಪ.

"ಏನ್ಲಾ ಅದು, ವೇಂಡಾಂ, ಬ್ಯಾಡ ಅಂದ್ರೆ ಬುಟ್ಟು ಬರ್ಬೋದಾ?"

"ಬರ್ಬೋದು ಮಾವ. ಓಟು ಆಕವ್ರೆ."

"ಅಂಗಾದ್ರೆ ನಾವ್ಯಾಕಲಾ ಆ ಕೆಳಬೀದಿಯೋರ ಕೆಂಪು ನೂಲ್ನ ಅವ್ರು ಏಳಿದ್ ಬೆಲೆಗೆ ಕಟ್ಕೊಂಡು ಸಾಯ್ಬೇಕು? ಕಡೈಬೀದಿ ಅಂಗಡಿಗಳಲ್ಲಿ ಬಣ್ಣದ ಪುಡಿ ಡಬ್ಬಿ ಡಬ್ಬಿ ಬಿದ್ದೈತೆ!"

ಮಾವ ಒಳ್ಳೆಯವನು. ಕೋಪ ಬಂದಾಗ ಇನ್ನೂ ಒಳ್ಳೆಯವನಾಗಿ, ಊರಿನ ಒಳಿತಿಗಾಗಿ ಏನಾದರೂ ಮಾಡಿಬಿಡುತ್ತಿದ್ದ. ಆ ವಾರವೇ ಮೀಟಿಂಗು ಸೇರಿತು. ಮೇಲ್ಬೀದಿ ಕೂಟ ಬಿಟ್ಟಿತು, ಮಾವ ಯಜಮಾನನಾದ. ಹುರುಪಿನಲ್ಲಿ ಅವನು ಒಂದು ಆಣೆಯನ್ನೂ ಇಟ್ಟ: "ಆ ಬೀದಿ ಮಣ್ಣು ನನ್ ಕಾಲಿಗೆ ಅಂಟಿದ್ರೆ ನಾನು ಚೌಡೇಶ್ವರಿ ಒಕ್ಕಲೇ ಅಲ್ಲ!" ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ತಂಗಿ ಕಾವೇರಿಯ ಮದುವೆ ಅದೇ ಕೆಳಬೀದಿಯ ಬಣ್ಣದ ಸಿದ್ದಯ್ಯನ ಮಗನ ಜೊತೆ ಗೊತ್ತಾಗಿತ್ತು ಎಂಬುದು ತಟ್ಟಿ ಮುಗಿದ ಮೇಲೆ ನೆನಪಾಯಿತು.

ಕೂಟ ಬಿಟ್ಟ ಮೊದಲ ಫಲ ಏನೆಂದರೆ ನಮ್ಮಲ್ಲಿ ರಾಜಕೀಯ ಹೆಚ್ಚಿತು. ಮೊದಲು ಎರಡು ಬೀದಿಗೂ ಒಬ್ಬ ಯಜಮಾನ. ಅವನೂ ಹೆಚ್ಚಾಗಿ ನಿದ್ದೆ ಮಾಡುತ್ತಿದ್ದ. ಈಗ ಬೀದಿಗೊಬ್ಬ ಯಜಮಾನ, ಯಜಮಾನನಿಗೊಂದು ಕಮಿಟಿ, ಕಮಿಟಿಗೆ ಕೂರಲು ಒಂದು ಜಮಖಾನ. ನೇಯ್ಗೆ ಕಡಿಮೆಯಾದದ್ದರಿಂದ ಮೀಟಿಂಗಿಗೆ ಪುರುಸೊತ್ತೂ ಆಯಿತು. ಏನೇ ಕೆಟ್ಟರೂ ಅದು ಕೆಳಬೀದಿಯವರ ಕೆಲಸ ಎಂದು ಹೇಳುವ ಸೌಕರ್ಯ ಬಂತು. ಮರದ ಆ ಕಡೆಯೂ ಇದೇ ಸೌಕರ್ಯ ಇತ್ತೆಂದು ಆಮೇಲೆ ತಿಳಿಯಿತು. ಮೇಕೆ ಈಯದಿದ್ದರೂ ಅವರು ನಮ್ಮನ್ನು ಬೈಯುತ್ತಿದ್ದರಂತೆ.

ಕೈಗಾರಿಕೆಯ ಕಥೆ ಬೇರೆ. ಕಡೈಬೀದಿಯ ಪುಡಿ ಕೆಂಪೇನೋ ಕೆಂಪೇ, ಆದರೆ ಒಂದು ಕಡೆ ನಿಲ್ಲುವ ಗುಣ ಅದಕ್ಕಿರಲಿಲ್ಲ. ಒಗೆದ ಕೂಡಲೇ ಅಂಚು ಬಿಟ್ಟು ಪಂಚೆಯೆಲ್ಲ ಸುತ್ತಾಡಿ ಬರುತ್ತಿತ್ತು. ಅತ್ತ ಕೆಳಬೀದಿಯ ಬಾನಿಗಳಲ್ಲಿ ಬಣ್ಣ ಕೊಳೆಯುತ್ತಿತ್ತು, ಕೊಳ್ಳುವವರಿಲ್ಲ. ಆದರೂ ಹೆಂಗಸರು ಬಾವಿಕಟ್ಟೆಯಲ್ಲಿ ಸಂಧಿಸುತ್ತಿದ್ದರು, ಮೊರದಲ್ಲಿ ಸೊಪ್ಪಿನ ಕೆಳಗೆ ಕೆಂಪು ನೂಲಿನ ಲಡಿಗಳು ಗಡಿ ದಾಟುತ್ತಿದ್ದವು. ಕಮಿಟಿಯವರು ಬೇವಿನ ಮರದ ಕೆಳಗೆ ಕಾವಲು ಕೂತು ತಡೆದರೆ ನಮ್ಮ ಅವ್ವ ಮನೆಯ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಿದ್ದಳು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎಂಬ ಗಾದೆ ಇದೆಯಲ್ಲ, ಅದನ್ನು ಕಟ್ಟಿದವರಿಗೆ ನಮ್ಮ ಅವ್ವ ಗೊತ್ತಿರಲಿಲ್ಲ. ಅವಳು ಹೇಳತೊಡಗಿದರೆ ಸುಂಕದವನೇ ಎದ್ದು ಹೋಗುತ್ತಿದ್ದ.

ನಿಜವಾದ ಪೇಚು ಬಂದದ್ದು ಗಂಜಿಯ ದಿನ. ಕೆಳಬೀದಿಯವರು, ನಿಮ್ಮ ಹಾಸು ಮರ ದಾಟಕೂಡದು ಎಂದರು. ನ್ಯಾಯವೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಹಾಗೆ ಬೀದಿ ಇದ್ದಷ್ಟು ಹಾಸು ಚಾಚಬೇಕಿತ್ತು. ಗಿಡ್ಡ ಹಾಸು ಮಾಡಿದರೆ ಮತ್ತೆ ಮತ್ತೆ ಎಳೆ ಗಂಟು ಹಾಕುತ್ತ ಕೂರಬೇಕು ಎಂಬುದು ಒಂದು ಕಷ್ಟ. ಸ್ವತಂತ್ರ ಬೀದಿಯ ಹಾಸು ಗಿಡ್ಡವಾಯಿತು ಎನ್ನುವ ಮಾತು ಬರುತ್ತದೆ ಎಂಬುದು ಮಾವನ ಕಷ್ಟ. ಅವನು ಹಾಸನ್ನು ಮೇಲ್ಬೀದಿಯ ಇನ್ನೊಂದು ತುದಿಯಲ್ಲಿ, ಎಣ್ಣೆಗಾಣದ ಮೂಲೆಯಲ್ಲಿ ತಿರುಗಿಸಿ ಪಕ್ಕದ ಓಣಿಗೆ ಎಳೆಸಿದ. ನೂಲು ಮೂಲೆಯಲ್ಲಿ ತಿರುಗಿದರೆ ಒಳಬದಿಯ ಎಳೆಗೆ ದಾರಿ ಹತ್ತಿರ, ಹೊರಬದಿಯದಕ್ಕೆ ದೂರ. ಒಂದು ಅಂಚು ಸಡಿಲ, ಇನ್ನೊಂದು ಬಿಗಿ. ಆ ಹಾಸಿನಿಂದ ಇಳಿದ ಪಂಚೆಗಳನ್ನು ನೆಲದ ಮೇಲೆ ಹಾಸಿದರೆ ಕುಡುಗೋಲಿನ ಹಾಗೆ ಬಾಗಿ ಮಲಗುತ್ತಿದ್ದವು. ಸೇಲಂ ಪಂಚೆಗೆ ಇದ್ದ ಹೆಸರು ನಿಮಗೆ ಗೊತ್ತಿದ್ದರೆ ಅಂಗಡಿಯವರು ಹೇಗೆ ನಕ್ಕರೆಂದು ನಾನು ವಿವರಿಸಬೇಕಾಗಿಲ್ಲ.

ಹಳೆಯ ಕೂಟ ಬಿಟ್ಟವರು ಹೊಸ ಮಾರುಕಟ್ಟೆ ಹುಡುಕಬೇಕು ಎಂದು ನಾನು ಎಲ್ಲೋ ಓದಿದ್ದನ್ನು ಮಾವನಿಗೆ ಹೇಳಿದೆ. ನಮ್ಮ ಹೊಸ ಮಾರುಕಟ್ಟೆ ಮೇಚೇರಿಯ ಸಂತೆ. ಮಾವ ಗಂಟು ಬಿಚ್ಚಿ ಕೂತ, ನಾನು ಪಕ್ಕದಲ್ಲಿ ವಿದ್ಯಾವಂತನ ಹಾಗೆ ನಿಂತೆ. ಕುರಿ ಮಾರಲು ಬಂದಿದ್ದ ಒಬ್ಬ ನಮ್ಮವನೇ, ಕನ್ನಡದ ಒಕ್ಕಲಿಗ, ಒಂದು ಪಂಚೆ ಬಿಡಿಸಿ ನೋಡಿದ.

"ಯಾಕಣ್ಣಾ, ಈ ವೇಟಿ ಒಂದು ಕಡೀಕೆ ಓಡ್ತೈತೆ?"

"ಇದು ಪುದು ಮಾಡೆಲ್ಲು, ಹೊಸಾ ನಮೂನೆ ಕಣಪ್ಪಾ," ಎಂದ ಮಾವ ಗಂಭೀರವಾಗಿ.

"ಕುರಿನೂ ಅಂಗೇ ಓಡ್ತಾವೆ. ಉಟ್ಟಿದ್ದೂ ಓಡಿದ್ರೆ ನಾನು ಯಾವುದ್ನ ಇಡ್ಕೊಳ್ಳೋದು?" ಎಂದು ಅವನು ಮಡಿಸಿ ಕೊಟ್ಟ. ಸಂತೆಯೇ ನಕ್ಕಿತು. ಗಂಟು ಹಾಗೇ ಮಾವನ ಅಟ್ಟ ಸೇರಿತು.

ಇದಿಷ್ಟೇ ಆಗಿದ್ದರೆ ನಗುತ್ತ ಇರಬಹುದಿತ್ತು. ಆದರೆ ಮದುವೆಯ ದಿನ ಹತ್ತಿರವಾಗುತ್ತಿತ್ತು. ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲಿ. ಹೆಣ್ಣನ್ನು ಸೋದರಮಾವ ಹೆಗಲ ಮೇಲೆ ಕೂರಿಸಿಕೊಂಡು ಹಂದರಕ್ಕೆ ಹೊತ್ತು ತರಬೇಕು. ಅವನು ಬರದಿದ್ದರೆ ಆ ಹೆಣ್ಣಿಗೆ ತವರೇ ಇಲ್ಲವೆಂದು ಅರ್ಥ. ಮಾವ ಬರುವುದಿಲ್ಲ ಎಂದ. ಮಾತು ಮಾತೇ ಎಂದ. ಸಿದ್ದಯ್ಯ ಸಾಧು ಮನುಷ್ಯ, ಆದರೆ ಅವನ ಬೀದಿಯ ಹಿರಿಯರು ಖಡಾಖಂಡಿತವಾಗಿ ಹೇಳಿಬಿಟ್ಟರು: ಈ ಮುಹೂರ್ತ ತಪ್ಪಿದರೆ ಧರ್ಮಪುರಿಯಲ್ಲಿ ಬೇರೆ ಹೆಣ್ಣು ನೋಡಿಟ್ಟಿದ್ದೇವೆ.

ಕಾವೇರಿ ಅಳುವ ಹುಡುಗಿಯಲ್ಲ. ನೂಲು ಸುತ್ತುವ ರಾಟೆಯ ಮುಂದೆ ಕೂತು ಒಂದು ಸಂಜೆ ನನ್ನನ್ನು ಕೇಳಿದಳು: "ಅಣ್ಣಾ, ನಾನೀಗ ಯಾವ ಬೀದಿಯೋಳು?" ಪತ್ರಿಕೆ ಓದಿ ದೇಶಕ್ಕೆಲ್ಲ ಅರ್ಥ ಹೇಳುತ್ತಿದ್ದ ನಾನು ಕೆಳಗೆ ಬಿದ್ದಿದ್ದ ಲಡಿಯೊಂದನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಮಾವನ ಮೇಲೆ ಬಂದ ಸಿಟ್ಟಿಗಿಂತ ನಾನು ತಟ್ಟಿದ್ದ ಚಪ್ಪಾಳೆಯ ಮೇಲೆ ಬಂದ ಸಿಟ್ಟು ದೊಡ್ಡದಿತ್ತು.

ದಾರಿ ಕಂಡವಳು ಅವ್ವ. ತಮ್ಮನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದಳು: "ನಂಜಾ, ಮಣ್ಣು ಅಂಟಬಾರ್ದು, ಅಷ್ಟೇ ತಾನೇ?" ಮದುವೆಯಲ್ಲಿ ಹೆಣ್ಣುಗಂಡು ನಡೆಯುವಾಗ ಕಾಲಡಿಗೆ ನಡೆಮಡಿ ಹಾಸುವುದು ಎಲ್ಲ ಕಡೆಯೂ ಇದ್ದದ್ದೇ. ಮಾವನ ಅಟ್ಟದಲ್ಲಿ ಯಾರೂ ಕೊಳ್ಳದ ಪಂಚೆಗಳ ಗಂಟಿದೆ. ಮರದಿಂದ ಸಿದ್ದಯ್ಯನ ಬಾಗಿಲವರೆಗೆ ಅವನ್ನೇ ಹಾಸಿದರೆ ಆಣೆಯೂ ಉಳಿಯಿತು, ಮದುವೆಯೂ ಉಳಿಯಿತು. ಮಾವ ಆಣೆಯ ಮಾತನ್ನು ಇನ್ನೊಮ್ಮೆ ಅಕ್ಷರ ಅಕ್ಷರವಾಗಿ ಹೇಳಿ ನೋಡಿ, ಇದರಲ್ಲಿ ಕಾಯಿದೆಗೆ ಅಡ್ಡಿಯಿಲ್ಲ ಎಂದು ಒಪ್ಪಿದ. ಕಮಿಟಿಯೂ ಒಪ್ಪಿತು.

ಮುಹೂರ್ತದ ಬೆಳಗ್ಗೆ ಬೇವಿನ ಮರದ ಈ ಕಡೆ ನಮ್ಮ ಬೀದಿ, ಆ ಕಡೆ ಅವರ ಬೀದಿ, ನಡುವೆ ಓಲಗದವರು. ಹೆಂಗಸರು ಪಂಚೆ ಹಾಸುತ್ತ ಹೊರಟರು. ಮಾವ ಜರಿಯ ಪೇಟ ಸುತ್ತಿ, ಕಾವೇರಿಯನ್ನು ಹೆಗಲಿಗೇರಿಸಿ, ಮರ ದಾಟಿ ಮೊದಲ ಪಂಚೆಯ ಮೇಲೆ ಕಾಲಿಟ್ಟ. ಆದರೆ ಬಾಗಿದ ಪಂಚೆಗಳನ್ನು ನೇರವಾಗಿ ಹಾಸುವುದು ದೇವರಿಂದಲೂ ಆಗದ ಕೆಲಸ. ಹಾಸಿದ್ದೆಲ್ಲ ಮೆಲ್ಲಗೆ ಎಡಕ್ಕೆ ತಿರುಗಿ ಚರಂಡಿಯ ಕಡೆ ಹೊರಟಿತು. ಯಜಮಾನನೂ ಅದರ ಹಿಂದೆ ಎಡಕ್ಕೆ ಹೊರಟ. ಹೆಂಗಸರು ಎಳೆದು ಸರಿಮಾಡಿದರು, ಮತ್ತೆ ಬಾಗಿತು. ಹೀಗೆ ಸುತ್ತಾಡಿ ಸುತ್ತಾಡಿ, ಸಿದ್ದಯ್ಯನ ಹಂದರ ಇನ್ನೂ ಸ್ವಲ್ಪ ದೂರ ಇರುವಾಗಲೇ ಪಂಚೆಗಳು ಮುಗಿದುಹೋದವು.

ಕೊನೆಯ ಪಂಚೆಯ ತುದಿಯಲ್ಲಿ ಮಾವ ನಿಂತ. ಓಲಗ ನಿಂತಿತು. ಮುಂದೆ ಕೆಳಬೀದಿಯ ಕೆಂಪು ಮಣ್ಣು. ಪುರೋಹಿತರು ಒಳಗಿನಿಂದ ಮುಹೂರ್ತ ಮೀರುತ್ತಿದೆ ಎಂದು ಕೂಗುತ್ತಿದ್ದರು. ಹಿಂದಿನಿಂದ ಪಂಚೆ ತೆಗೆದು ಮುಂದೆ ಹಾಸೋಣವೆಂದು ನಾನು ಬಗ್ಗಿದೆ. ಅಷ್ಟರಲ್ಲಿ ಹೆಗಲ ಮೇಲಿನಿಂದ ಕಾವೇರಿಯ ದನಿ ಕೇಳಿಸಿತು, ಸಣ್ಣಗೆ.

"ಮಾವ, ಕಾಲು ನೋಯ್ತೈತಾ? ನಾನು ಇಳ್ದು ನಡ್ಕೊಂಡು ಓಗ್ಲಾ?"

"ಸುಮ್ಕಿರೇ ಪೊಣ್ಣೇ," ಎಂದ ಮಾವ. ಮಣ್ಣಿಗೆ ಕಾಲಿಟ್ಟು ನೆಟ್ಟಗೆ ನಡೆದುಬಿಟ್ಟ.

ಹಂದರದಲ್ಲಿ ಅವಳನ್ನು ಇಳಿಸಿದಾಗ ಸಿದ್ದಯ್ಯ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದ. ಯಾರೂ ನಗಲಿಲ್ಲ. "ಮಣ್ಣು ಅಂಟೈತೆ, ಕಾಲು ತೊಳ್ಕೊಳ್ಳಿ ನಂಜಪ್ಪಣ್ಣ," ಎಂದ. ಮಾವ ಕಾಲು ನೋಡಿಕೊಂಡ. "ಇರ್ಲಿ ಬುಡಿ ಬೀಗರೇ. ಓಡಾಡೋದು ಇನ್ನೂ ಐತೆ, ಕಡೀಗೆ ಒಟ್ಟಿಗೇ ತೊಳ್ಕೊಂತೀನಿ," ಎಂದು ಪಂಕ್ತಿಯಲ್ಲಿ ಬಡಿಸಲು ಹೋದ.

ನಾವು ಕೂಟಕ್ಕೆ ಮರಳಿ ಸೇರಿದೆವು ಎಂದು ಯಾವ ಮೀಟಿಂಗಿನಲ್ಲೂ ಗೊತ್ತುವಳಿಯಾಗಲಿಲ್ಲ. ಕೇಳಿದರೆ ಮಾವ, ನಾವು ಹೊರಗೇ ಇದ್ದೇವೆ, ಇದು ಬೇರೆ ಹೊಸ ಏರ್ಪಾಡು ಎನ್ನುತ್ತಿದ್ದ. ಮುಂದಿನ ಹಾಸು ಮಾತ್ರ ಬೇವಿನ ಮರ ದಾಟಿ ಸಿದ್ದಯ್ಯನ ಮನೆಯ ಮುಂದೆ ಮುಗಿಯಿತು. ಆ ತುದಿ ಹಿಡಿದವಳು ಕಾವೇರಿ.

ಈಗಲೂ ದೊಡ್ಡ ದೊಡ್ಡ ದೇಶಗಳು ಕೂಟ ಸೇರುವುದನ್ನೂ ಬಿಡುವುದನ್ನೂ ಪತ್ರಿಕೆಯಲ್ಲಿ ಓದುತ್ತೇನೆ. ಅವರು ಮಾಡುವುದು ಸರಿಯೋ ತಪ್ಪೋ ಹೇಳುವಷ್ಟು ವಿದ್ಯೆ ನನಗಿಲ್ಲ. ನಮ್ಮ ಮಾವನಷ್ಟೇ ನ್ಯಾಯವಾದ ಸಿಟ್ಟು ಅವರಿಗೂ ಇರಬಹುದು. ಅವರಿಗಾಗಿ ಒಂದೇ ಒಂದು ಕಾರಣಕ್ಕೆ ಮರುಗುತ್ತೇನೆ. ಹಾಸಿದ ಬಟ್ಟೆ ಮುಗಿದು ಮುಂದಿನ ಹೆಜ್ಜೆ ಮಣ್ಣಿಗೇ ಇಡಬೇಕಾಗಿ ಬಂದಾಗ, ಇಳಿದು ನಡೆಯಲೇ ಎಂದು ಕೇಳುವ ಹುಡುಗಿ ಅವರ ಹೆಗಲ ಮೇಲೆ ಇರುವುದಿಲ್ಲ.