ಸ್ಟೇಷನ್ ಪಕ್ಕದ ಖಾಲಿ ಜಾಗ ಮತ್ತು ಹನ್ನೊಂದು ಸಾಲು ಮೊಗೆಕಾಯಿ

ನನ್ನ ಆಯಿಗೆ, ಅಂದರೆ ಅಮ್ಮನಿಗೆ, ಕೂರಲು ಜಾಗ ಸಿಕ್ಕಿತು... ಅಂಕೋಲಾ ಸ್ಟೇಷನ್ ಪಕ್ಕ ಪಾಳು ಬಿದ್ದಿದ್ದ ರೈಲ್ವೆ ಜಾಗದಲ್ಲಿ ತರಕಾರಿ ಸಂತೆಗೆ ಪರ್ಮಿಶನ್ ಬಂತು!

ಸುದ್ದಿ ಕೇಳಿ ಹಬ್ಬುವಾಡದ ನನ್ನ ಹೊಸ ಮನೆಯ ಅಡುಗೆಮನೆಯಲ್ಲಿ ನಿಂತು ಅತ್ತೇಬಿಟ್ಟೆ. ನನ್ನ ಗಂಡ (ಹೀಗೆ ಬರೆಯಲು ಇನ್ನೂ ನಾಚಿಕೆ, ಮದುವೆಯಾಗಿ ಎರಡೇ ತಿಂಗಳು) ಪಾಪ, ಕೈ ಸುಟ್ಟುಕೊಂಡಳು ಅಂತ ಓಡಿ ಬಂದ.

ಆಯಿ ನಮ್ಮೂರು ಅವರ್ಸಾದಿಂದ ಬುಟ್ಟಿ ತಂದು ಅಂಕೋಲಾದ ರಸ್ತೆ ಬದಿ ತರಕಾರಿ ಮಾರುವವಳು. ನನ್ನನ್ನು ಇಂಗ್ಲಿಷ್ ಮೀಡಿಯಂನಲ್ಲಿ ಓದಿಸಿದ್ದು ಆ ಬುಟ್ಟಿಯೇ. ರಸ್ತೆ ಅಗಲವಾದ ಮೇಲೆ ಎಲ್ಲಿ ಕೂತರೂ ಯಾರಾದರೂ ಎಬ್ಬಿಸುತ್ತಿದ್ದರು.

ಸ್ಟೇಷನ್ ಪಕ್ಕದ ಜಾಗದಲ್ಲಿ ಹಳಿ ಹಾಕುವ ಕಾಲಕ್ಕೆ ಜಲ್ಲಿ, ಸ್ಲೀಪರ್ ಪೇರಿಸಿದ್ದರಂತೆ. ಆಮೇಲೆ ಬರೀ ಮುಳ್ಳು. ಆಯಿಯೂ ಸೇರಿ ಹನ್ನೊಂದು ಜನ ಹೆಂಗಸರು ಅಲ್ಲಿ ಸಂತೆಗೆ ಅರ್ಜಿ ಕೊಟ್ಟರು, ಇನ್‌ಸ್ಪೆಕ್ಷನ್‌ಗೆ ಚೆಂದ ಕಾಣಲಿ ಅಂತ ತಾವೇ ಕತ್ತಿ ಹಿಡಿದು ಮುಳ್ಳು ಸವರಿದರು.

ಅಷ್ಟಕ್ಕೇ ಬಿಟ್ಟಿದ್ದರೆ... ಆದರೆ ಮೊದಲ ಮಳೆ ಬಿತ್ತು. ಮೆತ್ತಗಿನ ಖಾಲಿ ಮಣ್ಣು ನೋಡಿ ಇವರು ಸುಮ್ಮನಿರುವವರೇ?

ಇನ್‌ಸ್ಪೆಕ್ಷನ್ ದಿನ ಇಂಗ್ಲಿಷ್ ಬೇಕಾದರೆ ಇರಲಿ ಅಂತ ನಾನೂ ಹೋದೆ. ನೋಡಿದರೆ ಜಾಗದ ತುಂಬ ಮೊಗೆಕಾಯಿ ಸಸಿ, ಅದೇ ಸಾಂಬಾರಿನ ಸೌತೆ.

ರೈಲ್ವೆ ಆಫೀಸರ್ ಫೈಲ್ ಮುಚ್ಚಿದರು. "ಖಾಲಿ ಜಾಗ ಅಂತ ಬರೆದಿದ್ದೀರಿ. ಇದು ಒತ್ತುವರಿ ಅಲ್ವೇನಮ್ಮ?"

"ಅಲ್ಲ ಸಾಹೇಬ್ರೆ, ಮೊಗೆಕಾಯಿ" ಅಂದಳು ಆಯಿ.

"ಯಾರು ಹಾಕಿದ್ದು?"

ಹನ್ನೊಂದು ಕೈ ಮೇಲೆದ್ದವು. ಅಗಸೂರಿನ ಗಂಗಕ್ಕ, "ಆ ಚಂದ ಬಂದ ಸಾಲು ನಂದು" ಅಂತ ಬೇರೆ ಸೇರಿಸಿದಳು.

ನನ್ನ ಇಂಗ್ಲಿಷ್ ಬೇಕಾಗಲೇ ಇಲ್ಲ. ಹೀಗೇ ರಿಪೋರ್ಟ್ ಹೋದರೆ ಅರ್ಜಿ ರಿಜೆಕ್ಟ್ ಅಂತ ಆಫೀಸರ್ ಮೆಲ್ಲಗೆ ಹೇಳಿದರು.

ಆಯಿ ಕುಕ್ಕರುಗಾಲಲ್ಲಿ ಕೂತು ಮೊದಲ ಸಸಿಯನ್ನು ಬೇರು ಸಮೇತ ಎತ್ತಿದಳು. ಚಿಗುರಿದ್ದನ್ನು ಆಯಿ ಕೀಳುವುದು ನಾನು ನೋಡಿದ್ದು ಅದೇ ಮೊದಲು.

ಉಳಿದವರೂ ಕೂತರು. ನಾನೂ ಹೊಸ ಸೀರೆ ಎತ್ತಿ ಕಟ್ಟಿಕೊಂಡು ಕೂತೆ.

ಆಫೀಸರ್ ಹೋಗಲಿಲ್ಲ, ನೆರಳಲ್ಲಿ ಕಾದರು. ಕೊನೆಯ ಸಾಲು ಮುಗಿದ ಮೇಲೆ ಫೋಟೋ ತೆಗೆದು, ಏನೋ ಬರೆದುಕೊಂಡರು. ಗಂಗಕ್ಕ ಅವರ ಕೈಗೆ ಎರಡು ಸಸಿ ಇಟ್ಟಳು. "ನಿಮ್ಮನೆ ಹಿತ್ತಲಲ್ಲಿ ಹಾಕಿ ಸಾಹೇಬ್ರೆ, ಅಲ್ಲಾದ್ರೆ ಒತ್ತುವರಿ ಆಗೂದಿಲ್ಲ."

ಅವರು ನಕ್ಕರು. ಆದರೆ ಮೂರು ವಾರ ಸುದ್ದಿಯೇ ಇಲ್ಲ. "ನಾನೇ ಹಾಳು ಮಾಡಿದೆ ಮಗಾ" ಅಂತ ಆಯಿ ದಿನಾ ಫೋನ್‌ನಲ್ಲಿ ಹೇಳುವಾಗ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಇವತ್ತು ಹೊಟ್ಟೆ ತುಂಬ ಉಂಡೆ.

ಭಾನುವಾರ ಆಯಿ ಅಲ್ಲಿ ಮೊದಲ ಸಲ ಬುಟ್ಟಿ ಇಳಿಸುತ್ತಾಳೆ, ಯಾರೂ ಏಳು ಅನ್ನುವುದಿಲ್ಲ. ಬಸ್ಸಿಗೆ ಬಾ, ಬೇಗ ಆಗ್ತದೆ ಅಂತಾಳೆ... ಇಲ್ಲ ಆಯಿ, ನಿನ್ನ ಪಕ್ಕದಲ್ಲೇ ಇಳಿಯಬೇಕು ನಾನು: ಭಾನುವಾರ, ಮಡಗಾಂವ್–ಮಂಗಳೂರು ಪ್ಯಾಸೆಂಜರ್.