ಒಮ್ಮೆ ಹುಡುಕಿದ ಗೋದಾಮಿನಲ್ಲಿ

ಕಳೆದ ವರ್ಷ ಒಂದು ಸಂಜೆ ನನ್ನ ತಂಗಿಯ ಮಗುವಿನ ನಾಮಕರಣಕ್ಕೆ ಪಾತ್ರೆ, ಕುರ್ಚಿ ಗೊತ್ತು ಮಾಡಲು ಲಿಂಗರಾಜಪುರದ ನಮ್ಮ ಮನೆಯಿಂದ ಶಿವಾಜಿನಗರಕ್ಕೆ ಹೋಗಿದ್ದೆ. ಖಲೀಲ್ ಭಾಯ್ ಅಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುತ್ತಾರೆ. ಮುಂದೆ ಒಂದು ಮೇಜು, ಹಿಂದೆ ಉದ್ದನೆಯ ಗೋದಾಮು.

ನಾನು ಹೋದಾಗ ಭಾಯ್ ಮುಖ ಬಿಳಿಚಿಕೊಂಡಿತ್ತು. ಗೋದಾಮಿನಲ್ಲಿ ಆಡುತ್ತಿದ್ದ ಅವರ ನಾಲ್ಕು ವರ್ಷದ ಮೊಮ್ಮಗಳು ಜೋಯಾ ಅರ್ಧ ಗಂಟೆಯಿಂದ ಕಾಣುತ್ತಿರಲಿಲ್ಲ. ಒಳಗೆ ಕೂಗಿ, ನೋಡಿ, ಇಲ್ಲವೆಂದು ಎಲ್ಲರೂ ಬೀದಿಗೆ ಇಳಿದಿದ್ದರು. ನಾನೂ ಬಸ್ ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಇಟ್ಟವಳು, ತಿರುಗಿ ಬಂದು ಕೇಳಿದೆ: "ಭಾಯ್, ನೀವು ಬಾಗಿಲಲ್ಲೇ ಕೂತಿದ್ರಾ?"

"ಇಲ್ಲೇ ಇದ್ದೆ ಅಮ್ಮಾ. ಒಂದು ನಿಮಿಷ ಟೆಂಪೋ ಹತ್ರ ಹೋಗಿದ್ದೆ. ಆಗ್ಲೇ ಹೋಗ್ಬಿಟ್ಟಿದಾಳೆ."

ಗೋದಾಮಿನ ಕೆಲಸದ ಯಲ್ಲಪ್ಪ ಕಲಬುರಗಿ ಕಡೆಯವರು. "ಒಳಗ ನೋಡೀನ್ರೀ ಅಕ್ಕಾರ. ಇಲ್ಲ."

"ಎಷ್ಟೊತ್ತು ನೋಡಿದ್ರಿ?"

"ಗಡಿಬಿಡಿ ಆಗಿತ್ರಿ. ಒಂದ್ ರೌಂಡ್ ಹಾಕಿ ಬಂದೆ."

ಬಿ.ಎಸ್ಸಿ.ಯಲ್ಲಿ ಓದಿದ ಸಂಭವನೀಯತೆಯ ಒಂದು ಲೆಕ್ಕ ತಲೆಗೆ ಬಂತು. ಇಂಥದೇ ಸಂಜೆ ಹತ್ತು ಸಲ ಬಂದರೆ, ಭಾಯ್ ಬಾಗಿಲಲ್ಲಿರುವುದರಿಂದ ಒಂಬತ್ತು ಸಲ ಮಗು ಒಳಗೇ ಇರುತ್ತದೆ, ಒಂದು ಸಲ ಹೊರಗೆ. ಅಷ್ಟು ಸಾಮಾನಿನ ನಡುವೆ ಒಂದು ರೌಂಡ್ ಹಾಕಿದರೆ ಆ ಒಂಬತ್ತರಲ್ಲಿ ನಾಲ್ಕು ಸಲ ಸಿಕ್ಕೀತು, ಐದು ಸಲ ತಪ್ಪಿಹೋದೀತು. ಅಂದರೆ "ಸಿಗಲಿಲ್ಲ" ಎನ್ನುವ ಸಂಜೆಗಳು ಆರು. ಆ ಆರರಲ್ಲಿ ಐದು ಸಲ ಮಗು ಇನ್ನೂ ಒಳಗೇ ಇದೆ!

"ಇಬ್ಬರು ಹೊರಗೆ ಹುಡುಕಲಿ. ಮಿಕ್ಕವರು ಒಳಗೆ ಬನ್ನಿ, ಒಂದೊಂದೇ ಎತ್ತಿ ನೋಡೋಣ" ಎಂದೆ. ಕಾರಣ ಹೇಳಿದಾಗ ಪಕ್ಕದ ಅಂಗಡಿಯವರು ರೇಗಿದರು. "ಮಗು ಹೋಗಿದೆ, ನೀವಿಲ್ಲಿ ಟ್ಯೂಷನ್ ಮಾಡ್ತೀರಲ್ಲ ಮೇಡಂ! ನೋಡಿದ್ದನ್ನೇ ಎಷ್ಟು ಸಲ ನೋಡೋದು?"

ಭಾಯ್ ಮಾತ್ರ ಎದ್ದರು. "ನಡೀರಿ ಅಮ್ಮಾ."

ಕುರ್ಚಿಗಳ ಸಾಲು ಸರಿಸಿದೆವು. ಜಮಖಾನೆಗಳ ಸುರುಳಿ ಬಿಚ್ಚಿದೆವು. ಏನೂ ಇಲ್ಲ. ಮೂಲೆಯಲ್ಲಿ ಬಿರಿಯಾನಿ ಬೇಯಿಸುವ ಹಂಡೆಯಂಥ ಭಾರೀ ದೇಗ್‌ಗಳು ಅಡ್ಡಡ್ಡ ಮಲಗಿದ್ದವು, ಮುಂದೆ ಶಾಮಿಯಾನದ ಬಟ್ಟೆಯ ಗಂಟುಗಳು.

"ಇದರ ಹಿಂದೆ?"

"ಅವು ಈಗ ಟೆಂಪೋದಾಗಿಂದ ಇಳಿಸಿದ್ದು ಅಕ್ಕಾರ. ಅಲ್ಲಿ ಕೂಸು ಹೆಂಗ..." ಎನ್ನುತ್ತಿದ್ದ ಯಲ್ಲಪ್ಪ ಅರ್ಧಕ್ಕೇ ನಿಂತರು. ಆ ಗಂಟುಗಳನ್ನು ದೇಗ್‌ಗಳ ಬಾಯಿಗೆ ಒತ್ತಿ ಇಟ್ಟಿದ್ದು ಅವರೇ. ಒಳಗೆ ಯಾರಾದರೂ ಇದ್ದಾರೆಯೇ ಎಂದು ಯಾರು ನೋಡುತ್ತಾರೆ?

ಮೂರನೆಯ ಗಂಟು ಎಳೆದಾಗ ಪುಟ್ಟ ಪಾದ ಕಂಡಿತು.

ಜೋಯಾ ಆಡುತ್ತಾ ದೇಗ್‌ನ ಒಳಗೆ ನುಸುಳಿ ನಿದ್ದೆ ಹೋಗಿದ್ದಳು. ಹೊರಗೆಳೆದಾಗ ಮೈಯೆಲ್ಲ ಬೆವರು, ಕತ್ತು ಜೋತುಬಿದ್ದಿತ್ತು. ಭಾಯ್ ಅವಳನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಓಡಿದರು. ಗಾಳಿ ತಾಗಿತು. ಜೋಯಾ ಒಮ್ಮೆ ಕೆಮ್ಮಿ ಕಿರುಚಿ ಅತ್ತಳು. "ದಾದಾ, ಪಾನಿ!"

ಬೀದಿಯೇ ಹೋ ಎಂದಿತು. ಯಲ್ಲಪ್ಪ ಗಂಟಿನ ಮೇಲೆ ಕುಸಿದು ಬಿಕ್ಕುತ್ತಿದ್ದರು. ನೀರಿನ ಬಾಟಲಿ ತಂದವರು ಪಕ್ಕದ ಅಂಗಡಿಯವರೇ. "ಮೇಡಂ, ನಾಳೆಯಿಂದ ನನ್ ಮಗನ್ನ ಟ್ಯೂಷನ್ನಿಗೆ ಕಳಿಸ್ತೀನಿ ನೋಡಿ" ಎಂದಾಗ ಅವರ ಕಣ್ಣೂ ಒದ್ದೆ. ಡಾಕ್ಟರು ಪರೀಕ್ಷಿಸಿ, ಏನೂ ತೊಂದರೆ ಇಲ್ಲ, ಆದರೆ ಇನ್ನೂ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರಂತೆ.

ನೋಡಿದ್ದೇವೆ ಎಂದ ಮಾತ್ರಕ್ಕೆ ಅಲ್ಲಿ ಇಲ್ಲ ಎಂದಾಗುವುದಿಲ್ಲ ಎಂಬುದನ್ನು ಅಂದು ಕಣ್ಣಾರೆ ಕಂಡೆ. ಆ ಅಳು ನೆನಪಾದರೆ ಈಗಲೂ ಎದೆ ಉಬ್ಬುತ್ತದೆ. ಮರುಕ್ಷಣವೇ ಆರರಲ್ಲಿ ಉಳಿದ ಆ ಒಂದು ಸಂಜೆ ಕಾಡುತ್ತದೆ. ಮಗು ನಿಜವಾಗಿ ಬೀದಿಗೆ ಹೋಗಿದ್ದು, ನಾನು ಇಷ್ಟು ಜನರನ್ನು ಗೋದಾಮಿನಲ್ಲಿ ಹಿಡಿದಿಟ್ಟಿದ್ದರೆ? ಆದರೂ ನಾಳೆ ಅಂಥದೇ ಸಂಜೆ ಬಂದರೆ ಮೊದಲು ಒಳಗೇ ಹೋಗುತ್ತೇನೆ.